ಬಟ್ಟೆ ಒಗೆಯುವ ಟಬ್ಬಿನಲ್ಲಿ ಹುಟ್ಟಿತೇ ಅದಿರು ತೇಲಿಸುವ ವಿದ್ಯೆ? ಕ್ಯಾರಿ ಎವರ್ಸನ್ ಬದುಕಿನ ನಿಜಕಥೆ

ಪಿಯುಸಿಯಲ್ಲಿ ಸೈನ್ಸ್ ಓದಿದವರಿಗೆ ಈ ಕಥೆ ನೆನಪಿರಬಹುದು. ಎನ್‌ಸಿಇಆರ್‌ಟಿಯ 12ನೇ ತರಗತಿ ಕೆಮಿಸ್ಟ್ರಿ ಪುಸ್ತಕದಲ್ಲಿ, ಅದಿರಿನಿಂದ ಲೋಹ ತೆಗೆಯುವ ಪಾಠದ ನಡುವೆ, ಒಂದು ಪುಟ್ಟ ಚೌಕದೊಳಗೆ ಅದು ಅಚ್ಚಾಗಿತ್ತು. ಗಣಿ ಕಾರ್ಮಿಕರ ಬಟ್ಟೆ ಒಗೆಯುತ್ತಿದ್ದ ಒಬ್ಬ ಹೆಂಗಸು, ಮರಳು ಮತ್ತು ಕೊಳೆ ಟಬ್ಬಿನ ತಳಕ್ಕೆ ಇಳಿಯುವುದನ್ನೂ ತಾಮ್ರದ ಪುಡಿ ಮಾತ್ರ ಸಾಬೂನಿನ ನೊರೆಗೆ ಅಂಟಿ ಮೇಲೆ ಬರುವುದನ್ನೂ ಗಮನಿಸಿದಳಂತೆ. ಅದನ್ನು ತನ್ನ ಗಿರಾಕಿಯಾಗಿದ್ದ ಕ್ಯಾರಿ ಎವರ್ಸನ್ ಎಂಬ ರಸಾಯನಶಾಸ್ತ್ರಜ್ಞೆಗೆ ಹೇಳಿದಳಂತೆ. ಹೀಗೆ ನೊರೆಯಿಂದ ಅದಿರು ಬೇರ್ಪಡಿಸುವ ವಿಧಾನ ಹುಟ್ಟಿತು ಎನ್ನುವುದು ಕಥೆ. ಈಗ ಆ ಪಾಠವನ್ನೇ ಪಠ್ಯದಿಂದ ಕೈಬಿಡಲಾಗಿದೆ. ಆದರೆ ಅದನ್ನು ಓದಿದ ಲಕ್ಷಾಂತರ ಮಕ್ಕಳ ತಲೆಯಲ್ಲಿ ಕಥೆ ಉಳಿದಿದೆ.

ಅಮೆರಿಕದಲ್ಲಿ ಇದೇ ಕಥೆಗೆ ಇನ್ನೊಂದು ರೂಪವಿದೆ. ಅಲ್ಲಿ ಬಟ್ಟೆ ಒಗೆಯುವ ಹೆಂಗಸು ಇಲ್ಲವೇ ಇಲ್ಲ. ಕ್ಯಾರಿ ಎವರ್ಸನ್ ಅವರೇ ಶಾಲಾ ಟೀಚರ್. ಡೆನ್ವರ್‌ನಲ್ಲಿ ಅದಿರು ಪರೀಕ್ಷೆ ಮಾಡುತ್ತಿದ್ದ ತಮ್ಮ ಅಣ್ಣನ ಅಂಗಡಿಯ ಎಣ್ಣೆ ಹಿಡಿದ ಚೀಲಗಳನ್ನು ತಾವೇ ತೊಳೆಯುವಾಗ ಖನಿಜ ತೇಲುವುದನ್ನು ಕಂಡರು ಎಂದು ಅದು ಹೇಳುತ್ತದೆ. ವಾಟ್ಸಾಪ್ ಹುಟ್ಟುವ ಸುಮಾರು ನೂರು ವರ್ಷ ಮೊದಲೇ ಬಾಯಿಂದ ಬಾಯಿಗೆ, ಪತ್ರಿಕೆಯಿಂದ ಪತ್ರಿಕೆಗೆ ಫಾರ್ವರ್ಡ್ ಆದ ಕಥೆ ಇದು.

ಒಂದೇ ಘಟನೆಗೆ ಎರಡು ಕಥೆ, ಎರಡು ಊರು, ಎರಡು ಕೆಲಸ. ಅಲ್ಲಿಗೇ ಸಣ್ಣದೊಂದು ಅನುಮಾನ ಬರಬೇಕು. ಹಾಗಾದರೆ ಕ್ಯಾರಿ ಎವರ್ಸನ್ ನಿಜಕ್ಕೂ ಯಾರು? ಅವರು ಮಾಡಿದ್ದಾದರೂ ಏನು?

ಷಿಕಾಗೋದ ಡಾಕ್ಟರ ಮನೆ

ಕ್ಯಾರಿ ಜೇನ್ ಬಿಲ್ಲಿಂಗ್ಸ್ ಹುಟ್ಟಿದ್ದು 1842ರ ಆಗಸ್ಟ್ 27ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಷರಾನ್ ಎಂಬ ಊರಿನ ಹತ್ತಿರ. 1864ರಲ್ಲಿ ವಿಲಿಯಂ ನೈಟ್ ಎವರ್ಸನ್ ಎಂಬ ಡಾಕ್ಟರನ್ನು ಮದುವೆಯಾದರು. ಸಂಸಾರ ನಡೆದದ್ದು ಷಿಕಾಗೋದಲ್ಲಿ. ಮನೆಯಲ್ಲಿ ಔಷಧಿ, ರಾಸಾಯನಿಕಗಳ ಒಡನಾಟ ಇತ್ತು. ಕ್ಯಾರಿಯವರಿಗೆ ಅದರಲ್ಲಿ ಆಸಕ್ತಿಯೂ ಇತ್ತು.

1870ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಗಣಿಯ ಹುಚ್ಚು ಹಬ್ಬಿತ್ತು. ಕೊಲರಾಡೋ ಬೆಟ್ಟಗಳಲ್ಲಿ ಬೆಳ್ಳಿ ಸಿಕ್ಕಿದೆ, ಚಿನ್ನ ಸಿಕ್ಕಿದೆ ಎಂಬ ಸುದ್ದಿ ದಿನಕ್ಕೊಂದು. ಆ ಮಾತು ನಂಬಿ ದೂರದ ಊರುಗಳ ಡಾಕ್ಟರು, ವಕೀಲರು, ವ್ಯಾಪಾರಿಗಳೆಲ್ಲ ಗಣಿ ಕಂಪನಿಗಳ ಷೇರಿಗೆ ಹಣ ಹಾಕಿದರು. ಡಾಕ್ಟರ್ ಎವರ್ಸನ್ ಕೂಡ ಹಾಕಿದರು. ಕಂಪನಿ ಮುಳುಗಿತು, ಮನೆಯ ಉಳಿತಾಯದ ದೊಡ್ಡ ಪಾಲು ಅದರ ಜೊತೆಗೇ ಹೋಯಿತು.

ಹೋದ ಹಣದ ಬಗ್ಗೆ ಕೊರಗುತ್ತಾ ಕೂರುವ ಬದಲು ಕ್ಯಾರಿ ಖನಿಜಗಳ ಬಗ್ಗೆ ಓದಲು ಶುರು ಮಾಡಿದರು. ಅದಿರು ಎಂದರೇನು, ಅದರಲ್ಲಿ ಲೋಹ ಹೇಗೆ ಅಡಗಿರುತ್ತದೆ, ಅದನ್ನು ಬೇರೆ ಮಾಡುವುದು ಏಕೆ ಅಷ್ಟು ಕಷ್ಟ ಎಂಬುದೇ ಅವರ ಪ್ರಶ್ನೆ. ಓದಿನ ಜೊತೆಗೆ ಪ್ರಯೋಗಗಳೂ ನಡೆದವು. ಹಣ ಕಳೆದುಕೊಂಡದ್ದಕ್ಕೂ ಪೇಟೆಂಟ್ ಅರ್ಜಿ ಹಾಕಿದ್ದಕ್ಕೂ ನಡುವೆ ಹಲವು ವರ್ಷಗಳ ಅಂತರವಿದೆ. 1885ರಲ್ಲಿ ಅರ್ಜಿ ಹಾಕಿದರು. 1886ರ ಆಗಸ್ಟ್ 24ರಂದು ಅಮೆರಿಕದ ಪೇಟೆಂಟ್ ಸಂಖ್ಯೆ 348157 ಅವರೊಬ್ಬರ ಹೆಸರಿಗೇ ಸಿಕ್ಕಿತು. ಗಂಡನ ಹೆಸರು ಅದರಲ್ಲಿಲ್ಲ. ವಿಳಾಸ ಇರುವುದು ಷಿಕಾಗೋದ್ದು.

ಈ ವಿಳಾಸವನ್ನು ಗಮನಿಸಿ. ಷಿಕಾಗೋ ತಾಮ್ರದ ಗಣಿ ಇರುವ ಊರಲ್ಲ. ಗಣಿ ಕಾರ್ಮಿಕರ ಬಟ್ಟೆ ಒಗೆಯುವ ಹೆಂಗಸಾಗಲಿ, ಡೆನ್ವರ್‌ನ ಅದಿರು ಪರೀಕ್ಷಕ ಅಣ್ಣನಾಗಲಿ ಈ ಚಿತ್ರದಲ್ಲಿ ಎಲ್ಲಿಯೂ ಕೂರುವುದಿಲ್ಲ. ಕ್ಯಾರಿ ಡೆನ್ವರ್‌ಗೆ ಹೋದದ್ದು ಪೇಟೆಂಟ್ ಸಿಕ್ಕಿದ ನಂತರ.

ಪೇಟೆಂಟಿನಲ್ಲಿ ಏನಿತ್ತು?

ಗಣಿಯಿಂದ ಬರುವ ಕಲ್ಲಿನಲ್ಲಿ ಬೇಕಾದ ಖನಿಜ ಸ್ವಲ್ಪ, ಬೇಡದ ಕಲ್ಲು ಬಹಳ. ಎರಡನ್ನೂ ಬೇರೆ ಮಾಡಲು ಹಳೆಯ ಉಪಾಯ ಎಂದರೆ ತೂಕ. ಮೊರದಲ್ಲಿ ಅಕ್ಕಿ ಕೇರುವಾಗ ಹಗುರಾದ ಹೊಟ್ಟು ಹಾರಿಹೋಗುತ್ತದಲ್ಲ, ಹಾಗೆಯೇ ನೀರಿನಲ್ಲಿ ಕದಡಿದಾಗ ಭಾರದ ಖನಿಜ ತಳದಲ್ಲಿ ಉಳಿಯುತ್ತದೆ, ಹಗುರಾದ ಕಲ್ಲುಪುಡಿ ಹರಿದುಹೋಗುತ್ತದೆ. ಆದರೆ ಖನಿಜದ ಕಣ ತೀರಾ ಸಣ್ಣದಾದರೆ ಈ ಉಪಾಯ ಕೈಕೊಡುತ್ತದೆ. ಹಿಟ್ಟಿನಂತೆ ನುಣ್ಣಗಾದ ಕಣ ಭಾರದ್ದಾದರೂ ನೀರಿನ ಜೊತೆಗೇ ಹೋಗಿಬಿಡುತ್ತದೆ.

ಕ್ಯಾರಿಯವರ ವಿಧಾನ ತೂಕವನ್ನು ಬಿಟ್ಟು ಕಣದ ಮೈಯನ್ನು ನೋಡಿತು. ಕೆಲವು ಖನಿಜಗಳ ಮೈಗೆ, ಅದರಲ್ಲೂ ಗಂಧಕ ಸೇರಿರುವ ತಾಮ್ರ, ಸೀಸ, ಸತುವಿನ ಖನಿಜಗಳ ಮೈಗೆ, ಎಣ್ಣೆ ಚೆನ್ನಾಗಿ ಅಂಟುತ್ತದೆ. ಬೆಣಚುಕಲ್ಲಿನ ಮೈಗೆ ನೀರು ಅಂಟುತ್ತದೆ, ಎಣ್ಣೆ ಅಂಟುವುದಿಲ್ಲ. ಅದಿರನ್ನು ಪುಡಿ ಮಾಡಿ, ಎಣ್ಣೆ ಅಥವಾ ಕೊಬ್ಬು ಬೆರೆಸಿ, ಜೊತೆಗೆ ಆಮ್ಲ ಸೇರಿಸಿ, ನೀರಿನಲ್ಲಿ ಕದಡಿದರೆ ಖನಿಜ ಎಣ್ಣೆಯ ಜೊತೆಗಿರುತ್ತದೆ, ಕಲ್ಲು ತೊಳೆದುಹೋಗುತ್ತದೆ. ಪೇಟೆಂಟಿನ ಸಾರ ಇಷ್ಟು.

ಎಣ್ಣೆಯ ಉಪಾಯ ಪೂರ್ತಿ ಹೊಸದಾಗಿರಲಿಲ್ಲ. ಇಂಗ್ಲೆಂಡಿನ ವಿಲಿಯಂ ಹೇಯ್ನ್ಸ್ 1860ರಲ್ಲೇ ಎಣ್ಣೆಯಿಂದ ಖನಿಜ ಹಿಡಿಯುವ ಪೇಟೆಂಟ್ ಪಡೆದಿದ್ದರು. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಬೆಸೆಲ್ ಸಹೋದರರು 1877ರಲ್ಲಿ ಎಣ್ಣೆ ಮತ್ತು ಗುಳ್ಳೆಗಳಿಂದ ಗ್ರಾಫೈಟನ್ನು ತೇಲಿಸಿ ತೆಗೆಯುವ ಪೇಟೆಂಟ್ ಪಡೆದರು. ಕ್ಯಾರಿ ಸೇರಿಸಿದ ದೊಡ್ಡ ವಿಷಯ ಆಮ್ಲ. ಆಮ್ಲ ಇದ್ದಾಗ ಎಣ್ಣೆ ಬೇಕಾದ ಖನಿಜವನ್ನು ಇನ್ನಷ್ಟು ಚೆನ್ನಾಗಿ ಆರಿಸಿಕೊಳ್ಳುತ್ತದೆ ಎಂಬುದನ್ನು ಅವರು ಕಂಡುಕೊಂಡಿದ್ದರು.

ಸಾಬೂನಿನ ಕಥೆ ಇಲ್ಲಿಯೂ ಎಡವುತ್ತದೆ. ಬೇಕಿದ್ದರೆ ಮನೆಯಲ್ಲೇ ನೋಡಿ. ಸ್ನಾನದ ಸಾಬೂನಿನಿಂದ ಒಂದು ಲೋಟದಲ್ಲಿ ನೊರೆ ಎಬ್ಬಿಸಿ, ಅದಕ್ಕೆ ನಿಂಬೆಹಣ್ಣು ಹಿಂಡಿ ಕದಡಿ. ನೊರೆ ಇಳಿದು, ನೀರು ಹಾಲು ಒಡೆದಂತೆ ಆಗುತ್ತದೆ. ಆಮ್ಲ ಸಾಬೂನನ್ನು ಒಡೆದುಬಿಡುತ್ತದೆ. ಸಾಬೂನಿನ ನೊರೆ ಯಾವ ಖನಿಜವನ್ನೂ ಎತ್ತಲಾರದು ಎಂದು ಇದರ ಅರ್ಥವಲ್ಲ. ಆದರೆ ಆಮ್ಲವನ್ನೇ ಮುಖ್ಯವಾಗಿ ಹೇಳುವ ಪೇಟೆಂಟ್ ಸಾಬೂನಿನ ಟಬ್ಬಿನಿಂದ ನೇರವಾಗಿ ಎದ್ದು ಬಂತು ಎನ್ನುವುದು ಹೊಂದುವುದಿಲ್ಲ.

ಭಾರದ ಕಣ ತೇಲುವುದು ಹೇಗೆ?

ಕೆಸುವಿನ ಎಲೆಯ ಮೇಲೆ ನೀರು ನಿಲ್ಲದೆ ಹನಿಯಾಗಿ ಉರುಳುತ್ತದೆ. ಆ ಎಲೆಯ ಮೈ ನೀರನ್ನು ದೂರ ಇಡುತ್ತದೆ. ಎಣ್ಣೆ ಅಂಟಿದ ಖನಿಜದ ಕಣವೂ ಹಾಗೆಯೇ. ಅದು ನೀರನ್ನು ಬಿಟ್ಟು ಗಾಳಿಯ ಗುಳ್ಳೆ ಸಿಕ್ಕರೆ ಅದಕ್ಕೆ ಅಂಟಿಕೊಳ್ಳುತ್ತದೆ.

ಗುಳ್ಳೆ ಹೇಗೆ ಎತ್ತುತ್ತದೆ ಎಂದು ನೋಡಲು ಒಂದು ಗಾಜಿನ ಲೋಟಕ್ಕೆ ಸೋಡಾ ಸುರಿದು ನಾಲ್ಕೈದು ಒಣದ್ರಾಕ್ಷಿ ಹಾಕಿ. ಮೊದಲು ಮುಳುಗುತ್ತವೆ. ಸ್ವಲ್ಪ ಹೊತ್ತಿಗೆ ಮೈತುಂಬ ಗುಳ್ಳೆ ಅಂಟಿಸಿಕೊಂಡು ಮೇಲೇಳುತ್ತವೆ. ಮೇಲೆ ಗುಳ್ಳೆ ಒಡೆದಾಗ ಮತ್ತೆ ಮುಳುಗುತ್ತವೆ. ಕಾರ್ಖಾನೆಯಲ್ಲಿ ಗುಳ್ಳೆ ಒಡೆಯದಂತೆ ನೊರೆಯನ್ನು ಗಟ್ಟಿಯಾಗಿ ಇರಿಸುವ ವಸ್ತು ಸೇರಿಸುತ್ತಾರೆ. ಖನಿಜ ಹೊತ್ತ ನೊರೆ ತೊಟ್ಟಿಯ ಅಂಚಿನಿಂದ ಹಾಲಿನ ಕೆನೆಯಂತೆ ಹೊರಗೆ ಸುರಿಯುತ್ತದೆ. ಕಲ್ಲುಪುಡಿ ಒದ್ದೆಯಾಗಿ ತಳದಲ್ಲಿ ಉಳಿಯುತ್ತದೆ.

ಇಲ್ಲಿ ಒಂದು ವಿಷಯ ಸ್ಪಷ್ಟವಾಗಿರಲಿ. ಗಾಳಿಯ ಗುಳ್ಳೆಯನ್ನೇ ಕೂಲಿಯಾಳು ಮಾಡಿಕೊಳ್ಳುವ ಈ ಇಂದಿನ ವಿಧಾನವನ್ನು ಕ್ಯಾರಿಯವರ ಪೇಟೆಂಟ್ ವಿವರಿಸುವುದಿಲ್ಲ. ಅವರ ವಿಧಾನದಲ್ಲಿ ಕೆಲಸ ಮಾಡುವುದು ಎಣ್ಣೆ ಮತ್ತು ಆಮ್ಲ. ಹಾಗಾಗಿ ನೊರೆಯ ವಿಧಾನವನ್ನು ಅವರೊಬ್ಬರೇ ಕಂಡುಹಿಡಿದರು ಎನ್ನುವುದೂ ಅತಿಯಾದ ಮಾತು. ಆ ದಾರಿಯಲ್ಲಿ ಒಂದು ದೊಡ್ಡ ಹೆಜ್ಜೆ ಅವರದ್ದು.

ಕೊಳ್ಳುವವರಿಲ್ಲದ ಪೇಟೆಂಟ್

ಪೇಟೆಂಟ್ ಕೈಗೆ ಬಂದ ಕೂಡಲೇ ಹಣ ಬರುವುದಿಲ್ಲ. ಅದನ್ನು ಬಳಸುವ ಗಣಿ ಮಾಲೀಕರು ಬೇಕು. ಅಷ್ಟರಲ್ಲಿ ಮನೆಗೆ ಇನ್ನೊಂದು ಪೆಟ್ಟು ಬಿತ್ತು. 1889ರಲ್ಲಿ ಡಾಕ್ಟರ್ ಎವರ್ಸನ್ ತೀರಿಕೊಂಡರು. ಆಗ ಕ್ಯಾರಿಯವರಿಗೆ 46 ವರ್ಷ. ಸಂಸಾರದ ಭಾರ ಪೂರ್ತಿ ಅವರ ಮೇಲೆ ಬಿತ್ತು.

ಆದರೂ ಬಿಡಲಿಲ್ಲ. ಪಶ್ಚಿಮದ ಗಣಿ ಪ್ರದೇಶಗಳಲ್ಲಿ ತಮ್ಮ ವಿಧಾನದ ಪರೀಕ್ಷೆ ನಡೆಸಿದರು. ಕೊಲರಾಡೋದ ಡೆನ್ವರ್‌ನಲ್ಲಿ ನೆಲೆಸಿದರು. 1892ರಲ್ಲಿ ಹೆಬ್ರನ್ ಎಂಬವರ ಜೊತೆ ಸೇರಿ ಅದಿರು ಬೇರ್ಪಡಿಸುವ ಇನ್ನೊಂದು ಪೇಟೆಂಟ್ ಪಡೆದರು. ಆದರೆ ಗಣಿ ಮಾಲೀಕರು ಮುಂದೆ ಬರಲಿಲ್ಲ.

ಇದಕ್ಕೆ ಹಲವು ಕಾರಣಗಳಿದ್ದವು. ಆ ಕಾಲದಲ್ಲಿ ಒಳ್ಳೆಯ ಅದಿರು ಇನ್ನೂ ಸಿಗುತ್ತಿತ್ತು. ಬಡ ಅದಿರನ್ನು ಹಿಂಡಿ ತೆಗೆಯುವ ಅಗತ್ಯ ಹೆಚ್ಚಿನವರಿಗೆ ಇರಲಿಲ್ಲ. ಎಣ್ಣೆ ಹೆಚ್ಚು ಬೇಕಿತ್ತು, ಅದರ ಖರ್ಚೂ ಹೆಚ್ಚು. ಸಣ್ಣ ಪಾತ್ರೆಯಲ್ಲಿ ಆಗುವುದನ್ನು ದಿನಕ್ಕೆ ನೂರಾರು ಟನ್ ಮಾಡಿ ತೋರಿಸಲು ಬಂಡವಾಳ ಬೇಕು. ಅದು ಕ್ಯಾರಿಯವರ ಕೈಯಲ್ಲಿರಲಿಲ್ಲ. ಗಣಿ ಉದ್ಯಮವೋ ಪೂರ್ತಿ ಗಂಡಸರದ್ದು. ಎಂಜಿನಿಯರಿಂಗ್ ಓದದ, ಗಂಡನಿಲ್ಲದ ಹೆಂಗಸೊಬ್ಬರು ಹೊಸ ವಿಧಾನ ಹಿಡಿದು ಬಂದರೆ ಹಣ ಹಾಕುವವರು ಸುಲಭಕ್ಕೆ ಸಿಗುವಂತಿರಲಿಲ್ಲ.

ಹೊಟ್ಟೆಪಾಡಿಗೆ ಕ್ಯಾರಿ ಡೆನ್ವರ್‌ನಲ್ಲಿ ನರ್ಸ್ ಕೆಲಸ ಹಿಡಿದರು.

ಅವಧಿ ಮುಗಿದ ಮೇಲೆ ಹರಿದ ಹಣ

ಆಗಿನ ಅಮೆರಿಕದ ಕಾನೂನಿನಲ್ಲಿ ಪೇಟೆಂಟಿನ ಆಯುಷ್ಯ 17 ವರ್ಷ. 1886ರ ಪೇಟೆಂಟ್ 1903ರಲ್ಲಿ ಮುಗಿಯಿತು. ಅಲ್ಲಿಂದಾಚೆ ಅವರ ವಿಧಾನವನ್ನು ಯಾರು ಬೇಕಾದರೂ ಬಳಸಬಹುದು, ಅವರಿಗೆ ಒಂದು ಡಾಲರ್ ಕೊಡಬೇಕಿಲ್ಲ.

ಅದೇ ಹೊತ್ತಿಗೆ ಆಸ್ಟ್ರೇಲಿಯಾದ ಬ್ರೋಕನ್ ಹಿಲ್‌ನಲ್ಲಿ ಪರಿಸ್ಥಿತಿ ಬದಲಾಗಿತ್ತು. ಅಲ್ಲಿ ಸೀಸ, ಬೆಳ್ಳಿ ತೆಗೆದ ಮೇಲೆ ಎಸೆದ ಪುಡಿಯ ಗುಡ್ಡಗಳೇ ಎದ್ದಿದ್ದವು. ನಮ್ಮ ಕೆಜಿಎಫ್‌ನ ಸೈನೈಡ್ ಗುಡ್ಡಗಳನ್ನು ನೋಡಿದವರು ಅದನ್ನು ಊಹಿಸಿಕೊಳ್ಳಬಹುದು. ಆ ಲಕ್ಷಾಂತರ ಟನ್ ಪುಡಿಯಲ್ಲಿ ಸತು ಉಳಿದಿತ್ತು, ಹಳೆಯ ತೂಕದ ಉಪಾಯಕ್ಕೆ ಸಿಗುತ್ತಿರಲಿಲ್ಲ. 1900ರ ನಂತರದ ಕೆಲವೇ ವರ್ಷಗಳಲ್ಲಿ ಚಾರ್ಲ್ಸ್ ಪಾಟರ್, ಗಿಯೋಮ್ ಡೆಲ್‌ಪ್ರಾಟ್ ಮುಂತಾದವರು ಆಮ್ಲ ಮತ್ತು ಗುಳ್ಳೆ ಬಳಸಿ ಆ ಸತುವನ್ನು ತೇಲಿಸಿದರು. 1905ರಲ್ಲಿ ಲಂಡನ್ನಿನ ಮಿನರಲ್ಸ್ ಸೆಪರೇಷನ್ ಕಂಪನಿಯ ತಂಡ ಇನ್ನೂ ಮುಂದೆ ಹೋಯಿತು. ತೀರಾ ಕಡಿಮೆ ಎಣ್ಣೆ ಹಾಕಿ, ಜೋರಾಗಿ ಕದಡಿ ಗಾಳಿ ಸೇರಿಸಿದರೆ ಖನಿಜ ಹೊತ್ತ ನೊರೆ ಮೇಲೆ ಬರುತ್ತದೆ ಎಂದು ತೋರಿಸಿ ಪೇಟೆಂಟ್ ಪಡೆಯಿತು. ಕ್ಯಾರಿಯವರ ಪೇಟೆಂಟ್ ಮುಗಿದು ಎರಡೇ ವರ್ಷವಾಗಿತ್ತು.

ಮುಂದೆ ಅಮೆರಿಕದಲ್ಲಿ ದೊಡ್ಡ ಕೋರ್ಟ್ ಜಗಳ ನಡೆಯಿತು. ಮೊಂಟಾನಾದಲ್ಲಿ ಜೇಮ್ಸ್ ಹೈಡ್ ಎಂಬ ಎಂಜಿನಿಯರ್ ನೊರೆಯ ವಿಧಾನ ಬಳಸಿದಾಗ ಮಿನರಲ್ಸ್ ಸೆಪರೇಷನ್ ಕಂಪನಿ ಅವರ ಮೇಲೆ ಕೇಸು ಹಾಕಿತು. ಈ ವಿಧಾನ ಹೊಸದೇ ಅಲ್ಲ, ಮೊದಲೇ ಗೊತ್ತಿತ್ತು ಎಂದು ವಾದಿಸಲು ಎದುರು ಪಕ್ಷದವರು ಮುಂದಿಟ್ಟ ಹಳೆಯ ದಾಖಲೆಗಳಲ್ಲಿ ಕ್ಯಾರಿ ಎವರ್ಸನ್ ಅವರ ಪೇಟೆಂಟೂ ಒಂದು. ಇಪ್ಪತ್ತು ವರ್ಷ ಯಾರಿಗೂ ಬೇಡವಾಗಿದ್ದ ಕಾಗದ ಕೋಟಿಗಟ್ಟಲೆ ಹಣದ ಜಗಳದಲ್ಲಿ ಸಾಕ್ಷಿಯಾಯಿತು. 1916ರ ಡಿಸೆಂಬರ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕಂಪನಿಯ ಪೇಟೆಂಟನ್ನು ಎತ್ತಿಹಿಡಿಯಿತು. ಆದರೆ ಅದಿರಿನ ತೂಕದ ಶೇ. 1ಕ್ಕಿಂತ ಕಡಿಮೆ ಎಣ್ಣೆ ಬಳಸುವ ವಿಧಾನಕ್ಕೆ ಮಾತ್ರ ಅದು ಅನ್ವಯ ಎಂದು ಮಿತಿ ಹಾಕಿತು.

ತೀರ್ಪು ನೋಡಲು ಕ್ಯಾರಿ ಇರಲಿಲ್ಲ. ಕೊನೆಯ ವರ್ಷಗಳನ್ನು ಅವರು ಕ್ಯಾಲಿಫೋರ್ನಿಯಾದ ಸ್ಯಾನ್ ಆನ್ಸೆಲ್ಮೊದಲ್ಲಿ ಕಳೆದರು. 1914ರ ನವೆಂಬರ್ 3ರಂದು, 72ನೇ ವಯಸ್ಸಿನಲ್ಲಿ ಅಲ್ಲೇ ತೀರಿಕೊಂಡರು. ಕೋರ್ಟಿನ ಗದ್ದಲದಿಂದಾಗಿ ಅವರ ಹೆಸರು ಗಣಿ ಪತ್ರಿಕೆಗಳಲ್ಲಿ ಮತ್ತೆ ಕಾಣಿಸಿಕೊಂಡಾಗ, ತಮ್ಮ ಬಗ್ಗೆ ತಾವೇ ಹೇಳಲು ಅವರಿರಲಿಲ್ಲ. ಚೀಲ ತೊಳೆದ ಟೀಚರಮ್ಮನ ಕಥೆ ಜಾಗ ಹಿಡಿದದ್ದು ಆ ಖಾಲಿಯಲ್ಲಿ.

ಎಣ್ಣೆ, ಆಮ್ಲ ಮತ್ತು ಟೈಟಾನಿಯಂ

ಇವತ್ತು ತಾಮ್ರ, ಸೀಸ, ಸತುವಿನ ಬಹುಪಾಲು ಅದಿರು ನೊರೆಯ ತೊಟ್ಟಿ ದಾಟಿಯೇ ಬರುತ್ತದೆ. ಮಧ್ಯಪ್ರದೇಶದ ಮಲಾಂಜ್‌ಖಂಡ್ ತಾಮ್ರದ ಗಣಿಯಲ್ಲೂ ರಾಜಸ್ಥಾನದ ರಾಂಪುರ ಅಗುಚ ಸತುವಿನ ಗಣಿಯಲ್ಲೂ ಇದೇ ವಿಧಾನ. ನೂರು ಕೆಜಿ ಕಲ್ಲಿನಲ್ಲಿ ಒಂದು ಕೆಜಿ ತಾಮ್ರವೂ ಇಲ್ಲದ ಅದಿರಿನಿಂದ ಜಗತ್ತು ತಾಮ್ರ ತೆಗೆಯುತ್ತಿರುವುದು ಇದರಿಂದಾಗಿ. ನಿಮ್ಮ ಮೊಬೈಲಿನ ಒಳಗಿರುವ ತಾಮ್ರವೂ ಎಲ್ಲೋ ಒಂದು ಕಡೆ ನೊರೆಯಲ್ಲಿ ತೇಲಿ ಬಂದದ್ದೇ ಇರಬೇಕು.

ಆದರೆ ಕ್ಯಾರಿಯವರ ಎರಡು ವಸ್ತುಗಳು, ಎಣ್ಣೆ ಮತ್ತು ಆಮ್ಲ, ಜೊತೆಯಾಗಿ ಕಾಣಸಿಗುವ ಒಂದು ಜಾಗ ನಾರ್ವೆಯಲ್ಲಿದೆ. ನಾರ್ವೆಯ ನೈಋತ್ಯ ಕರಾವಳಿಯ ಟೆಲ್ನೆಸ್‌ನಲ್ಲಿ 1960ರಿಂದ ಟೈಟಾನಿಯಂ ಅದಿರಿನ ದೊಡ್ಡ ಗಣಿ ನಡೆಯುತ್ತಿದೆ. ಅಲ್ಲಿ ಸಿಗುವ ಖನಿಜ ಇಲ್ಮನೈಟ್, ಅಂದರೆ ಕಬ್ಬಿಣ ಮತ್ತು ಟೈಟಾನಿಯಂ ಸೇರಿದ ಕಪ್ಪು ಆಕ್ಸೈಡ್. ಗೋಡೆಯ ಬಿಳಿ ಪೇಂಟು, ಬಿಳಿ ಪ್ಲಾಸ್ಟಿಕ್, ಟೂತ್‌ಪೇಸ್ಟಿನ ಬಿಳುಪಿಗೆ ಬಳಸುವ ಟೈಟಾನಿಯಂ ಡೈಆಕ್ಸೈಡ್ ಇದರಿಂದ ಬರುತ್ತದೆ.

ಕೇರಳದ ಚವರ, ತಮಿಳುನಾಡಿನ ಮನವಾಳಕುರಿಚಿಯ ಕಡಲತೀರದಲ್ಲಿಯೂ ಇಲ್ಮನೈಟ್ ಇದೆ. ಆದರೆ ಅಲ್ಲಿ ಕಲ್ಲನ್ನು ಪುಡಿ ಮಾಡುವ ಕೆಲಸವನ್ನು ಮಳೆ, ಹೊಳೆ, ಅಲೆಗಳೇ ಮಾಡಿಬಿಟ್ಟಿವೆ. ಮರಳಿನ ಕಣಗಳು ಬಿಡಿಬಿಡಿಯಾಗಿವೆ. ಹಾಗಾಗಿ ತೂಕ, ಅಯಸ್ಕಾಂತ ಮತ್ತು ವಿದ್ಯುತ್ತಿನ ಸೆಳೆತದಿಂದ ಬೇರ್ಪಡಿಸಿದರೆ ಸಾಕಾಗುತ್ತದೆ. ಟೆಲ್ನೆಸ್‌ನಲ್ಲಿ ಇಲ್ಮನೈಟ್ ಗಟ್ಟಿ ಬಂಡೆಯೊಳಗೆ ಸಿಕ್ಕಿಹಾಕಿಕೊಂಡಿದೆ. ಅದನ್ನು ಅರೆದಾಗ ಬರುವ ನುಣ್ಣನೆಯ ಪುಡಿಗೆ ನೊರೆಯೇ ಬೇಕು.

ಇಲ್ಮನೈಟ್ ನೀರಿಗಿಂತ ಸುಮಾರು 4.7 ಪಟ್ಟು ಭಾರ, ಮೇಲಾಗಿ ಅದರಲ್ಲಿ ಗಂಧಕವಿಲ್ಲ. ತಾಮ್ರದ ಖನಿಜಕ್ಕೆ ಹಿಡಿಯುವ ವಸ್ತು ಇದಕ್ಕೆ ಹಿಡಿಯದು. ಪೈನ್ ಮರದಿಂದ ಕಾಗದದ ತಿರುಳು ಮಾಡುವಾಗ ಸಿಗುವ ಟಾಲ್ ಎಣ್ಣೆಯಲ್ಲಿ ಕೊಬ್ಬಿನಾಮ್ಲಗಳಿವೆ. ಅವು ಇಲ್ಮನೈಟಿನ ಮೈ ಹಿಡಿದುಕೊಂಡು ಅದನ್ನು ನೀರಿನಿಂದ ದೂರ ಮಾಡುತ್ತವೆ. ಬೇರೆ ಖನಿಜಗಳು ಆ ಎಣ್ಣೆಯನ್ನು ಹಿಡಿಯದಂತೆ ನೋಡಿಕೊಳ್ಳಲು ಸಲ್ಫ್ಯೂರಿಕ್ ಆಮ್ಲ ಹಾಕಿ ನೀರನ್ನು ಹುಳಿಯಾಗಿಸುತ್ತಾರೆ. ಸುಮಾರು ಶೇ. 18ರಷ್ಟು ಟೈಟಾನಿಯಂ ಡೈಆಕ್ಸೈಡ್ ಇರುವ ಕಲ್ಲಿನಿಂದ ಸುಮಾರು ಶೇ. 44ರಷ್ಟಿರುವ ಪುಡಿ ಸಿಗುತ್ತದೆ.

ಟೆಲ್ನೆಸ್‌ನವರು ಕ್ಯಾರಿಯವರ ಪೇಟೆಂಟನ್ನು ನೋಡಿ ಹೀಗೆ ಮಾಡಿದರು ಎಂದು ಹೇಳುತ್ತಿಲ್ಲ. ನಡುವೆ ಎಷ್ಟೋ ಜನರ ಸಂಶೋಧನೆ ಇದೆ. ಆದರೆ ಎಣ್ಣೆ ಹಿಡಿಯಬೇಕು, ಆಮ್ಲ ಆರಿಸಬೇಕು ಎಂಬ ಜೋಡಿ 1886ರ ಆ ಕಾಗದದಲ್ಲಿದೆ.

ಈ ವಿಧಾನಕ್ಕೆ ಬೆಲೆಯೂ ಇದೆ. ತೊಟ್ಟಿಯ ತಳದಲ್ಲಿ ಉಳಿದ ಪುಡಿ ಎಲ್ಲಾದರೂ ಹೋಗಲೇಬೇಕು. ಟೆಲ್ನೆಸ್ ಗಣಿ ಅದನ್ನು 1984ರವರೆಗೆ ಯೋಸಿಂಗ್‌ಫ್ಯೋರ್ಡ್ ಎಂಬ ಕಡಲ ಕಣಿವೆಗೆ ಸುರಿಯಿತು. ನಂತರ ಹತ್ತು ವರ್ಷ ಹೊರಗಿನ ಆಳದ ಕಡಲಿಗೆ. ವಿರೋಧ ಬೆಳೆದ ಮೇಲೆ 1994ರಿಂದ ನೆಲದ ಮೇಲೆ ಕಟ್ಟೆ ಕಟ್ಟಿ ತುಂಬಿಸುತ್ತಿದೆ.

ಹಾಗಾದರೆ ಯಾವುದು ನಿಜ?

ಕಥೆ: ಬಟ್ಟೆ ಒಗೆಯುವ ಹೆಂಗಸು ಹೇಳಿದ್ದರಿಂದ ಕ್ಯಾರಿಯವರಿಗೆ ಹೊಳೆಯಿತು.
ನಿಜ: ಪೇಟೆಂಟಿನಲ್ಲಿ ಇರುವುದು ಎಣ್ಣೆ ಮತ್ತು ಆಮ್ಲ. ಅವರಿದ್ದದ್ದು ಗಣಿಯಿಲ್ಲದ ಷಿಕಾಗೋದಲ್ಲಿ.

ಕಥೆ: ಅವರು ಟೀಚರ್, ಅಣ್ಣನ ಚೀಲ ತೊಳೆಯುವಾಗ ಕಂಡುಕೊಂಡರು.
ನಿಜ: ಅವರು ಡಾಕ್ಟರ ಹೆಂಡತಿ. ಪೇಟೆಂಟ್ ಬಂದದ್ದು ಹಲವು ವರ್ಷದ ಓದು, ಪ್ರಯೋಗಗಳ ನಂತರ.

ಕಥೆ: ನೊರೆಯ ವಿಧಾನ ಪೂರ್ತಿ ಅವರದ್ದೇ.
ನಿಜ: ಅವರಿಗಿಂತ ಮೊದಲೂ ನಂತರವೂ ಹಲವರು ದುಡಿದಿದ್ದಾರೆ. ಆಮ್ಲದ ಮಹತ್ವ ತೋರಿಸಿದ್ದು ಅವರ ಕೊಡುಗೆ.

ಬಟ್ಟೆ ಒಗೆಯುವವರು ಒಳ್ಳೆಯದನ್ನು ಕಂಡುಹಿಡಿಯಲಾರರು ಎಂದು ಈ ಲೇಖನ ಹೇಳುತ್ತಿಲ್ಲ. ಗಮನಿಸುವ ಕಣ್ಣು ಯಾರಿಗೂ ಇರಬಹುದು. ತೊಂದರೆ ಬೇರೆ ಇದೆ. ಟಬ್ಬಿನ ಕಥೆ ಮಕ್ಕಳಿಗೆ ಅದೃಷ್ಟದ ಪಾಠ ಹೇಳುತ್ತದೆ. ಕ್ಯಾರಿಯವರ ನಿಜವಾದ ಬದುಕಿನಲ್ಲಿ ಇದ್ದದ್ದು ಮುಳುಗಿದ ಉಳಿತಾಯ, ವರ್ಷಗಟ್ಟಲೆ ಓದು, ತಮ್ಮದೇ ಹೆಸರಿನ ಪೇಟೆಂಟ್, ಗಂಡನ ಸಾವು, ನರ್ಸ್ ಕೆಲಸ ಮತ್ತು ಎರಡು ವರ್ಷ ತಡವಾಗಿ ಬಂದ ಕಾಲ. ಬದುಕಿದ್ದಾಗ ಅವರಿಗೆ ಹಣ ಸಿಗಲಿಲ್ಲ. ಸತ್ತ ಮೇಲೆ ಅವರ ದುಡಿಮೆಯನ್ನು ಆಕಸ್ಮಿಕ ಎಂದು ಕರೆದರೆ ಉಳಿದದ್ದನ್ನೂ ಕಿತ್ತುಕೊಂಡಂತೆ.

ಮುಂದಿನ ಸಲ ಯಾವುದೋ ಸಂಶೋಧನೆ ಪಾತ್ರೆ ತೊಳೆಯುವಾಗ, ನಿದ್ದೆಯಲ್ಲಿ, ಸ್ನಾನದಲ್ಲಿ ಹೊಳೆಯಿತು ಎಂಬ ಫಾರ್ವರ್ಡ್ ಬಂದರೆ, ಕಳಿಸುವ ಮುನ್ನ ಮೂರು ಪ್ರಶ್ನೆ ಕೇಳಿ. ಆ ಮನುಷ್ಯರು ಆಗ ಯಾವ ಊರಿನಲ್ಲಿದ್ದರು? ಅವರು ಬರೆದಿಟ್ಟ ದಾಖಲೆ ಏನು ಹೇಳುತ್ತದೆ? ಅದಕ್ಕೂ ಮೊದಲು ಎಷ್ಟು ವರ್ಷ ಅದೇ ಕೆಲಸದಲ್ಲಿದ್ದರು? ಮೂರಕ್ಕೂ ಉತ್ತರ ಸಿಗದಿದ್ದರೆ ಆ ಫಾರ್ವರ್ಡ್ ನಿಮ್ಮಲ್ಲೇ ನಿಲ್ಲಲಿ.